ಜಗಳ ಬಿಟ್ಟ ದೋಣಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಈ ಹೆಸರಿಗೂ ಅವಳ ವಯಸ್ಸಿಗೂ ಸಂಬಂಧವಿರಲಿಲ್ಲ. ಅವಳ ತಲೆಯಲ್ಲಿ ಬಿಳಿಕೂದಲು ಬೇಕೆಂದರೆ ಹುಡುಕಿಕೊಂಡು ಹೋಗಬೇಕಿತ್ತು. ಗೇಮ್ ಕನ್ಸೋಲ್ ಮಾಡುವ ಆ ಕಂಪನಿಯಲ್ಲಿ ಮಿಕ್ಕವರೆಲ್ಲ ಮುಂದಿನ ವರ್ಷದ ಆಟಗಳಿಗಾಗಿ ಬೆವರು ಸುರಿಸುತ್ತಿದ್ದರೆ, ಇವಳು ಯಾವುದೋ ಕಾಲದ ಆಟಗಳನ್ನು ಹೊಸ ಪೆಟ್ಟಿಗೆಗೆ ಹಾಕಿ, ಅವು ಹಳೆಯ ಪೆಟ್ಟಿಗೆಯಲ್ಲಿ ಹೇಗೆ ನಡೆಯುತ್ತಿದ್ದವೋ ಹಾಗೇ ನಡೆಯುತ್ತವೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವವಳು. ಅವಳ ಮೇಜಿನ ಮೇಲೆ ಎರಡು ಟಿವಿ. ಎಡಗಡೆಯದಕ್ಕೆ ಹಳೆಯ ಪೆಟ್ಟಿಗೆ, ಬಲಗಡೆಯದಕ್ಕೆ ಹೊಸದು. ಎರಡರಲ್ಲೂ ಒಂದೇ ಆಟ, ಒಂದೇ ಹೆಜ್ಜೆ. ಎರಡರಲ್ಲೂ ಒಂದೇ ತಪ್ಪು ಕಂಡಾಗ ಅವಳ ಮುಖ ಅರಳುತ್ತಿತ್ತು. ಹಳೆಯ ಆಟದಲ್ಲಿ ಕುದುರೆಯ ಬಾಲ ಗೋಡೆಯೊಳಗೆ ತೂರಿಕೊಳ್ಳುತ್ತಿದ್ದರೆ ಹೊಸದರಲ್ಲೂ ತೂರಿಕೊಳ್ಳಲೇಬೇಕು. ಯಾವನೋ ಹುಮ್ಮಸ್ಸಿನ ಇಂಜಿನಿಯರ್ ಆ ಬಾಲವನ್ನು ಸರಿಪಡಿಸಿಬಿಟ್ಟರೆ ಅವಳ ಪಿತ್ತ ನೆತ್ತಿಗೇರುತ್ತಿತ್ತು.

'ಹಳೆಯ ಆಟದ ಮುಖಕ್ಕೆ ಕೈ ಹಚ್ಚಬಾರದು' ಎಂಬುದು ಆ ವಿಭಾಗದ ನಿಯಮ. ಅದನ್ನು ಗೋಡೆಗೆ ಏರಿಸಿದವಳು ಅವಳೇ. ಅದಕ್ಕಾಗಿ ಮೀಟಿಂಗಿನ ಮೇಲೆ ಮೀಟಿಂಗಿನಲ್ಲಿ ಜಗಳವಾಡಿದ್ದಳು. ಒಂದರಲ್ಲಿ ಕಾಫಿ ಲೋಟವೂ ಒಡೆದಿತ್ತು. ಒಡೆದದ್ದು ತಾನಲ್ಲ ಎಂದು ಅವಳು ಇವತ್ತಿಗೂ ಸಾಧಿಸುತ್ತಾಳೆ.

ಈ ಹಟ ಅವಳಿಗೆ ಮನೆಯಿಂದ ಬಂದದ್ದು. ಅವಳ ಅಪ್ಪ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಆಕಾಶಕ್ಕೆ ತೂಗುಹಾಕಿದ ಗಾಜಿನ ಗೂಡಿನಲ್ಲಿ ಕೂತವನಿಗೆ ಕೆಳಗಿನ ಹಡಗಿನ ಹೊಟ್ಟೆಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ಹಡಗಿನ ಅಂಚಿನಲ್ಲಿ ನಿಂತು, ಎತ್ತು, ಇಳಿಸು, ನಿಲ್ಲು ಎಂದು ಕೈಸನ್ನೆ ಮಾಡುವವನೊಬ್ಬ ಬೇಕು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೂ ಅಪ್ಪನಿಗೆ ಆ ಕೈ ಒಬ್ಬನದೇ. ಮಂಜು ಕವಿದ ದಿನಗಳಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದ ಕಾರಣ ಅವನಿಗೆ ಬಾವುಟ ಎಂದೇ ಹೆಸರು ಬಿದ್ದಿತ್ತು. ಇವಳಿಗೆ ಬಾವುಟ ಮಾಮ. ಎತ್ತು ಇಳಿಸು ಎನ್ನುವುದಕ್ಕಷ್ಟೇ ಅಲ್ಲ, ಬೈಯುವುದಕ್ಕೂ ಅವನು ಕೈಯನ್ನೇ ಬಳಸುತ್ತಿದ್ದ. ಕೈಯಲ್ಲಿ ಅಷ್ಟು ಕೊಳಕಾಗಿ ಬೈಯಬಲ್ಲವನು ಇಡೀ ಬಂದರಿನಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಅಷ್ಟು ವರ್ಷದ ಗದ್ದಲ ಬಾವುಟನ ಕಿವಿಯನ್ನು ತಿಂದುಹಾಕಿತ್ತು. ನಿವೃತ್ತಿಯಾದ ಮೇಲೆ ಅವನು ದೂರದ ಇನ್ನೊಂದು ಬಂದರಿನ ಊರಿಗೆ ಹೋಗಿ, ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಒಂಟಿಯಾಗಿ ನೆಲೆಸಿದ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅವನು ಕೊಡುತ್ತಿದ್ದ ಉತ್ತರವೂ ಕೈಸನ್ನೆಯೇ, ಅದನ್ನು ಅಮ್ಮನ ಎದುರು ಅಪ್ಪ ಮಾಡಿ ತೋರಿಸುತ್ತಿರಲಿಲ್ಲ. ಫೋನು ಅವನಿಗೆ ಕೇಳಿಸುವುದಿಲ್ಲ. ಮೆಸೇಜಿನ ಮೇಲೆ ನಂಬಿಕೆಯಿಲ್ಲ. ಬರೆದದ್ದನ್ನು ಯಾರು ಬೇಕಾದರೂ ಬರೆದಿರಬಹುದು, ಕೈ ಆಡುವುದು ಕಂಡರೆ ಮಾತ್ರ ಮನುಷ್ಯ ಇದ್ದಾನೆ ಎಂದು ಲೆಕ್ಕ ಎನ್ನುವುದು ಅವನ ವಾದ.

ಹಾಗಾಗಿ ಇಬ್ಬರಿಗೂ ಒದಗಿಬಂದದ್ದು 'ಎರಡು ದೋಣಿ' ಎಂಬ ಹಳೆಯ ಆಟ. ದೊಡ್ಡ ಹಡಗೊಂದನ್ನು ಇಬ್ಬರು ಎರಡು ಪುಟ್ಟ ದೋಣಿಗಳಿಗೆ ಹಗ್ಗ ಕಟ್ಟಿ, ಒಬ್ಬ ಮುಂದೆ ಎಳೆಯುತ್ತ ಇನ್ನೊಬ್ಬ ಹಿಂದೆ ತಡೆಯುತ್ತ ದಡಕ್ಕೆ ತರಬೇಕು. ಒಬ್ಬ ಈ ಮನೆಯಲ್ಲಿ, ಇನ್ನೊಬ್ಬ ಆ ಮನೆಯಲ್ಲಿ; ನಡುವೆ ಕಂಪನಿಯ ಸರ್ವರ್. ಆಟದಲ್ಲಿ ಮಾತಿಲ್ಲ, ಹಾರನ್ ಮಾತ್ರ. ಈ ಆಟ ಮಾಡಿದವನು ನೀರನ್ನು ಬಕೆಟ್ಟಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ ಎಂದು ಅಪ್ಪ ಬೈಯುತ್ತಿದ್ದ, ಬೈಯುತ್ತಲೇ ಪ್ರತಿದಿನ ತಿಂಡಿಯಾದ ಮೇಲೆ ಕೂರುತ್ತಿದ್ದ. ದಿನಕ್ಕೆ ಒಂದೇ ಹಡಗು. ಎರಡನೆಯದಕ್ಕೆ ಓವರ್‌ಟೈಮ್ ಯಾರು ಕೊಡುತ್ತಾರೆ ಎಂಬುದು ಬಾವುಟನ ಪ್ರಶ್ನೆ.

ಆಟ ಶುರುವಾಗುವಾಗ ಬಾವುಟನ ದೋಣಿ ಮೂರು ಸಲ ಹಾರನ್ ಹೊಡೆಯುತ್ತಿತ್ತು. ಅಡುಗೆಮನೆಯಿಂದ ಅಮ್ಮ, "ಹೋಗ್ರೀ, ನನ್ನ ಸವತಿ ಕೂಗ್ತಿದಾಳೆ," ಎನ್ನುತ್ತಿದ್ದಳು. ಅಪ್ಪ ಹಗ್ಗವನ್ನು ಒಂದು ಗೇಣು ಆಚೆ ಎಳೆದರೂ ಬಾವುಟನ ದೋಣಿ ಹಿಂದಿನಿಂದ ಬಂದು ಅಪ್ಪನ ದೋಣಿಯ ಕುಂಡೆಗೆ ಗುದ್ದುತ್ತಿತ್ತು. ಸಿಟ್ಟು ಹೆಚ್ಚಾದರೆ ಹಗ್ಗವನ್ನೇ ಬಿಚ್ಚಿ, ಇಡೀ ಹಡಗನ್ನು ದೀಪಸ್ತಂಭಕ್ಕೆ ಹೊಡೆಸಿ, ದೂರ ಹೋಗಿ ನಿಂತು ನೋಡುತ್ತಿತ್ತು. ಹೆಚ್ಚಿನ ದಿನ ದೀಪಸ್ತಂಭ ಉಳಿಯುತ್ತಿರಲಿಲ್ಲ. ಅಪ್ಪ ದಿನವಿಡೀ ಅದನ್ನೇ ಗೊಣಗಿಕೊಂಡು ಸುಖವಾಗಿರುತ್ತಿದ್ದ.

ಈ ಜಗಳದ ಅಡಿಯಲ್ಲಿ ಒಂದು ಕರಾರಿತ್ತು. ಒಂದು ಬೆಳಿಗ್ಗೆ ಯಾರಾದರೂ ಆಟಕ್ಕೆ ಬರದಿದ್ದರೆ ಇನ್ನೊಬ್ಬ ಕಾಯುತ್ತ ಕೂರಬಾರದು. ಬಾವುಟ ಬರದಿದ್ದರೆ ಅಪ್ಪ ಕೆಳಗಿನ ಲಾಂಡ್ರಿಯಾಕೆಗೆ ಫೋನ್ ಮಾಡಬೇಕು, ಅವಳ ಹತ್ತಿರ ಮೇಲಿನ ಮನೆಯ ಇನ್ನೊಂದು ಕೀ ಇರುತ್ತದೆ. ಅಪ್ಪ ಬರದಿದ್ದರೆ ಬಾವುಟ ಲಾಂಡ್ರಿಯಾಕೆಯ ಕೈಯಲ್ಲಿ ಇಲ್ಲಿಗೆ ಫೋನ್ ಮಾಡಿಸಬೇಕು. ಕೆಲವು ವರ್ಷದ ಹಿಂದೆ ಒಮ್ಮೆ ಈ ಕರಾರು ಕೆಲಸಕ್ಕೆ ಬಂದಿತ್ತು. ಬಾವುಟನ ದೋಣಿ ಬರಲಿಲ್ಲ. ಅಪ್ಪನ ಲೋಟದ ಕಾಫಿ ಆರುವ ಮೊದಲೇ ಲಾಂಡ್ರಿಯಾಕೆ ಮೇಲೆ ಹತ್ತಿ ಬಾಗಿಲು ತೆಗೆದಿದ್ದಳು. ಬಾವುಟ ಸೊಂಟದ ಮೂಳೆ ಮುರಿದುಕೊಂಡು ಬಚ್ಚಲಲ್ಲಿ ಬಿದ್ದಿದ್ದ. ಇನ್ನೊಂದು ದಿನ ಕಳೆದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಆಮೇಲೆ ಬಾವುಟನ ಸೊಂಟಕ್ಕೆ ಉಕ್ಕು ಬಂತು, ಕರಾರಿಗೂ ಬಂತು.

ಇಂಥ ಮನೆಯ ಮಗಳಿಗೆ ಹಳೆಯ ಪೆಟ್ಟಿಗೆಯ ಸರ್ವರ್ ಮುಚ್ಚುವ ಸುದ್ದಿ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಹೊಸ ಪೆಟ್ಟಿಗೆ ಬರುತ್ತದೆ, ಹಳೆಯ ಆಟಗಳೆಲ್ಲ ಅದರಲ್ಲೂ ನಡೆಯುತ್ತವೆ, ಆನ್‌ಲೈನಿನಲ್ಲೂ ನಡೆಯುತ್ತವೆ ಎಂದು ಕಂಪನಿ ಡಂಗುರ ಹೊಡೆದಿತ್ತು. ಡಂಗುರ ಹೊಡೆದವರು ಬೇರೆ, ನಡೆಸಬೇಕಾದವರು ಬೇರೆ. ಹಳೆಯ ಆಟಗಳ ಒಂದು ಚಾಳಿ ಏನೆಂದರೆ, ಆ ಕಡೆಯವನ ಸಂಪರ್ಕ ತಪ್ಪಿದರೆ ಈ ಕಡೆಯ ಆಟ ಇದ್ದಲ್ಲೇ ಕಲ್ಲಾಗುತ್ತಿತ್ತು. ಹೊಸ ಕಾಲದ ಗಿರಾಕಿ ಕಲ್ಲನ್ನು ನೋಡುತ್ತ ಕೂರುವುದಿಲ್ಲ ಎಂದು ನೆಟ್‌ವರ್ಕಿನವನು ಹೇಳಿದ. ಅವನ ವಿಭಾಗ ಅದಕ್ಕೊಂದು ಮದ್ದು ಅರೆದಿತ್ತು. ಅದರ ಹೆಸರು 'ಜೊತೆ'. ಆಡುವವನ ಜಾಗ ಖಾಲಿಯಾದರೆ ಜೊತೆ ಬಂದು ಕೂರುತ್ತದೆ. ಅವನು ಇಷ್ಟು ವರ್ಷ ಹೇಗೆ ಆಡಿದ್ದಾನೋ ಅದನ್ನೆಲ್ಲ ಕಲಿತು, ಅವನ ಹಾಗೇ ಆಡುತ್ತದೆ. ಸ್ವಲ್ಪ ಮರ್ಯಾದೆಯಿಂದ ಆಡುತ್ತದೆ, ಯಾಕೆಂದರೆ ಆಟ ಸುಸೂತ್ರವಾಗಿ ಮುಗಿದರೆ ತಾನೇ ಗಿರಾಕಿ ನಾಳೆಯೂ ಬರುವುದು. ಸಾಲದ್ದಕ್ಕೆ, ಪೆಟ್ಟಿಗೆ ಅವರವರ ರೂಢಿಯ ಹೊತ್ತಿಗೆ ತಾನೇ ಎದ್ದು ರೂಢಿಯ ಆಟವನ್ನು ಶುರು ಮಾಡಿಟ್ಟಿರುತ್ತದೆ. ಯಜಮಾನ ಬಂದು ಕಂಟ್ರೋಲರ್ ಹಿಡಿಯುವವರೆಗೆ ಜೊತೆ ಅವನ ಜಾಗವನ್ನು ಬೆಚ್ಚಗೆ ಇಟ್ಟಿರುತ್ತದೆ.

ಹೊಸ ಆಟಗಳಲ್ಲಿ, ಆಡುತ್ತಿರುವುದು ಜೊತೆ ಎಂದು ತಿಳಿಯಲು ತಲೆಯ ಮೇಲೊಂದು ಬೂದು ಚುಕ್ಕೆ ಕಾಣಿಸುತ್ತಿತ್ತು. ಹಳೆಯ ಆಟಗಳಲ್ಲಿ ಆ ಚುಕ್ಕೆಯನ್ನು ಎಲ್ಲಿ ಇಡೋಣ ಅಜ್ಜಿ ಎಂದು ನೆಟ್‌ವರ್ಕಿನವನು ಕೇಳಲು ಬಂದಿದ್ದ. ಅವಳು ಕುರ್ಚಿಯಿಂದ ಏಳದೆ ಗೋಡೆಯ ಕಡೆ ಬೆರಳು ತೋರಿಸಿದಳು. ಹಳೆಯ ಆಟದ ಮುಖಕ್ಕೆ ಕೈ ಹಚ್ಚಬಾರದು. ಚುಕ್ಕೆಯೂ ಇಲ್ಲ, ಗಿಕ್ಕೆಯೂ ಇಲ್ಲ. ಆ ಮೀಟಿಂಗಿನಲ್ಲಿ ಯಾವ ಲೋಟವೂ ಒಡೆಯಲಿಲ್ಲ. ಅಷ್ಟು ಸುಲಭವಾಗಿ ಗೆದ್ದ ಖುಷಿಗೆ ಅವಳು ಎರಡನೇ ಕಾಫಿ ಕುಡಿದಳು.

'ಎರಡು ದೋಣಿ'ಯನ್ನು ಅವಳೇ ಪರೀಕ್ಷೆ ಮಾಡಿ ಪಾಸು ಮಾಡಿದಳು. ಎಡಗಡೆಯ ನೀರು ಹೇಗೆ ಬಕೆಟ್ಟಿನ ನೀರೋ ಬಲಗಡೆಯದೂ ಹಾಗೇ. ಒಂದು ಹೊಸ ಪೆಟ್ಟಿಗೆ ಅಪ್ಪನಿಗೆ ಬಂತು, ಇನ್ನೊಂದು ಲಾಂಡ್ರಿಯ ಮೇಲಿನ ಮನೆಗೆ ಹೋಯಿತು. ದೀಪಸ್ತಂಭ ಮುರಿಯುವುದು ಒಂದು ದಿನವೂ ನಿಲ್ಲದೆ ಮುಂದುವರಿಯಿತು.

ಅಪ್ಪನ ಆಟದ ಹೊತ್ತಿಗೆ ಅವಳು ಸಾಮಾನ್ಯವಾಗಿ ಆಫೀಸಿನ ಬಸ್ಸಿನಲ್ಲಿರುತ್ತಿದ್ದಳು. ಆ ದಿನ ರಜೆ. ತಲೆಗೆ ಎಣ್ಣೆ ಹಚ್ಚಿಕೊಂಡು ಸೋಫಾದ ಮೂಲೆಯಲ್ಲಿ ಕೂತವಳಿಗೆ ಏನೋ ಕಡಿಮೆ ಇದೆ ಅನ್ನಿಸಿತು. ಹಾರನ್ ಮೂರು ಸಲ ಆಗಿತ್ತು. ಸವತಿಯ ಮಾತೂ ಆಗಿತ್ತು. ಇಲ್ಲದೇ ಇದ್ದದ್ದು ಅಪ್ಪನ ಬೈಗುಳ. ಅವನು ತುಟಿ ಬಿಗಿದುಕೊಂಡು ಕಂಟ್ರೋಲರ್ ಒತ್ತುತ್ತಿದ್ದ. ಅವಳು ನೋಡುತ್ತಿದ್ದಂತೆ ಅಪ್ಪನ ದೋಣಿ ಬೇಕೆಂದೇ ಅಡ್ಡ ತಿರುಗಿ ಹಡಗಿನ ಮೂತಿಯನ್ನು ಬಂಡೆಯ ಕಡೆಗೆ ಎಳೆಯಿತು. ಇನ್ನೇನು ಬಾವುಟ ಮಾಮ ಗುದ್ದುತ್ತಾನೆ ಎಂದು ಅವಳು ನಗುವುದಕ್ಕೆ ತಯಾರಾದಳು. ಬಾವುಟನ ದೋಣಿ ಗುದ್ದಲಿಲ್ಲ. ಮೆತ್ತಗೆ ಸುತ್ತಿ ಬಂದು, ಹಗ್ಗಕ್ಕೆ ಸ್ವಲ್ಪ ಸಡಿಲ ಕೊಟ್ಟು, ಹಡಗನ್ನು ನೆಟ್ಟಗೆ ಮಾಡಿ, ಅಪ್ಪನಿಗೆ ದಾರಿ ಬಿಟ್ಟು ನಿಂತಿತು. ಹಡಗು ದಡ ಸೇರಿತು. ಪರದೆಯ ತುಂಬ ನಕ್ಷತ್ರ ಉದುರಿತು.

"ಏನಪ್ಪಾ, ದೀಪಸ್ತಂಭ ಬದುಕ್ತಲ್ಲ ಇವತ್ತು," ಎಂದಳು.

"ಹ್ಞೂ. ಈಗೀಗ ಅವನು ಒಳ್ಳೆಯವನಾಗಿದಾನೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಯಾರು, ಆ ಮನುಷ್ಯನಾ?" ಎಂದಳು ಅಮ್ಮ. "ಒಳ್ಳೆಯವನಾಗೋಕೆ ಅವನಿಗೇನು ಬಂತು? ಮೈ ಸರಿಯಿಲ್ವೇನೋ ವಿಚಾರಿಸಿ."

ಮಗಳು ಅಪ್ಪನ ಹತ್ತಿರ ಸರಿದು ಕೂತಳು. ಯಾವಾಗಿನಿಂದ ಎಂದು ಕೇಳಿದಳು. ಮೊನ್ನೆಯಿಂದ ಎಂದು ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. ಇನ್ನೊಂದು ಹಡಗು ಎಳಿ ನೋಡೋಣ ಎಂದಳು. ಅಪ್ಪ ಬೇಡವೆಂದ. ಅವನು ಎರಡನೆಯದಕ್ಕೆ ಬರುವುದಿಲ್ಲ, ನಿನಗೆ ಗೊತ್ತಿಲ್ಲವೇ ಎಂದ. ಅವಳು ತಾನೇ ಬಗ್ಗಿ ಗುಂಡಿ ಒತ್ತಿದಳು. ಒತ್ತಿದ್ದೇ ತಡ, ಮೂರು ಸಲ ಹಾರನ್ ಕೇಳಿತು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಎರಡನೇ ಹಡಗಿಗೆ ಬಾರದ ದೋಣಿ ಹಗ್ಗ ಹಿಡಿದು ಸಿದ್ಧವಾಗಿ ನಿಂತಿತ್ತು.

ಟೆಸ್ಟಿಂಗ್ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಕಲಿಸುವ ವಿದ್ಯೆ ಒಂದೇ: ವೈರು ಕಿತ್ತು ನೋಡು. ಅವಳು ಎಣ್ಣೆಗೈಯಲ್ಲೇ ಟಿವಿಯ ಹಿಂದೆ ಕೈ ಹಾಕಿ ಇಂಟರ್ನೆಟ್ಟಿನ ವೈರನ್ನು ಕಿತ್ತಳು. ಪೆಟ್ಟಿಗೆಯ ಮೇಲಿನ ಹಸಿರು ದೀಪ ಕೆಂಪಾಯಿತು. ಈ ಮನೆಗೂ ಹೊರಗಿನ ಲೋಕಕ್ಕೂ ಈಗ ಏನೂ ಸಂಬಂಧವಿಲ್ಲ. ಹಳೆಯ ಪೆಟ್ಟಿಗೆಯಾಗಿದ್ದರೆ ನೀರು, ಹಡಗು, ಹಗ್ಗ ಎಲ್ಲ ಇದ್ದಲ್ಲೇ ಕಲ್ಲಾಗಬೇಕಿತ್ತು.

ಬಾವುಟನ ದೋಣಿ ಮುಂದೆ ಹೋಗುತ್ತಲೇ ಇತ್ತು. ಸ್ವಲ್ಪ ದೂರ ಹೋಗಿ, ಅಪ್ಪನ ದೋಣಿ ಹಿಂದೆ ಉಳಿದದ್ದನ್ನು ಕಂಡು ತಿರುಗಿ ಬಂತು. ಪಕ್ಕದಲ್ಲಿ ನಿಂತು ಮರ್ಯಾದೆಯಿಂದ ಕಾಯಿತು.

ಅವಳು ತಿರುಗಿ ಅಪ್ಪನ ಮುಖ ನೋಡಿದಳು. ಗಾಬರಿ ಇರುತ್ತದೆ, ಏನಿದು ಎಂಬ ಪ್ರಶ್ನೆ ಇರುತ್ತದೆ ಎಂದುಕೊಂಡಿದ್ದಳು. ಅಲ್ಲಿ ಎರಡೂ ಇರಲಿಲ್ಲ.

"ವೈರ್ ಹಾಕು ಮತ್ತೆ," ಎಂದ ಅಪ್ಪ ಮೆಲ್ಲಗೆ. "ನಿಮ್ಮಮ್ಮನಿಗೆ ಹೇಳ್ಬೇಡ."

"ನಿಂಗೆ ಗೊತ್ತಿತ್ತಾ?"

"ನಿನ್ನೆ ನಾನೇ ಹೋಗಿ ಅವನ ದೋಣಿಗೆ ಗುದ್ದಿದೆ. ಸರ್ಕೊಂಡು ಜಾಗ ಕೊಟ್ಟ. ಅವನು ಹುಟ್ಟಿದಾಗಿಂದ ಯಾರಿಗೂ ಜಾಗ ಕೊಟ್ಟವನಲ್ಲ."

"ಮತ್ತೆ ಫೋನ್ ಯಾಕಪ್ಪಾ ಮಾಡ್ಲಿಲ್ಲ?"

ಅಪ್ಪ ಕಂಟ್ರೋಲರನ್ನು ತೊಡೆಯ ಮೇಲೆ ಇಟ್ಟುಕೊಂಡ. ಅದರ ಎರಡೂ ಕಡೆ ಅವನ ದೊಡ್ಡ ಕೈಗಳು ಕ್ರೇನಿನ ಹಿಡಿಕೆ ಹಿಡಿದ ಹಾಗೇ ಇದ್ದವು. "ಮಾಡಿದ್ರೆ ಅವನಿಲ್ಲ ಅಂತ ಗೊತ್ತಾಗ್ತಿತ್ತು," ಎಂದ. "ಮಾಡದಿದ್ರೆ ಬೆಳಿಗ್ಗೆ ಬರ್ತಾನಲ್ಲ."

ಅವಳಿಗೆ ಆ ಕ್ಷಣ ಅಪ್ಪನ ಮೇಲೆ ಬಂದ ಸಿಟ್ಟು ಬಾಯಿಗೆ ಬರುವಷ್ಟರಲ್ಲಿ ತನ್ನ ಗೋಡೆಯ ಮೇಲಿನ ಸಾಲು ಕಣ್ಣೆದುರು ನಿಂತಿತು. ಒಂದು ಬೂದು ಚುಕ್ಕೆ. ಅಷ್ಟೇ ಬೇಕಾಗಿದ್ದದ್ದು. ಅವಳು ಫೋನ್ ಎತ್ತಿಕೊಂಡಳು.

ಲಾಂಡ್ರಿಯಾಕೆ ಫೋನ್ ಎತ್ತಿದಾಗ ಹಿಂದೆ ಬಟ್ಟೆ ತಿರುಗಿಸುವ ಮೆಷೀನುಗಳ ಗರಗರ. ಅವಳು ಮೊದಲು ತನ್ನ ಮಂಡಿನೋವು ಹೇಳಿಕೊಂಡಳು, ಆಮೇಲೆ ಇವಳಿಗೆ ಮಾತಾಡಲು ಬಿಟ್ಟಳು. ಮಾಮ ಹೇಗಿದ್ದಾರೆ, ನೋಡಿದ್ರಾ ಅಕ್ಕ ಎಂದು ಇವಳು ಕೇಳಿದಳು. ನೋಡಿಲ್ಲ, ಆದರೆ ಚೆನ್ನಾಗಿದ್ದಾರೆ ಎಂದಳು ಲಾಂಡ್ರಿಯಾಕೆ.

"ನೋಡ್ದೇ ಹೆಂಗೆ ಹೇಳ್ತೀರಕ್ಕಾ?"

"ಅಯ್ಯೋ, ದಿನಾ ಬೆಳಿಗ್ಗೆ ನನ್ನ ತಲೆ ಮೇಲೇ ಕೂಗುತ್ತಲ್ಲಮ್ಮ ಆ ಪೆಟ್ಟಿಗೆ. ಕಿವಿ ಕೇಳದವರು, ಸೌಂಡ್ ಎಷ್ಟಿಟ್ಟಿದಾರೆ ಅಂತ ಅವರಿಗೇನು ಗೊತ್ತು? ಅದು ಕೂಗದೇ ಇದ್ರೆ ತಾನೇ ನಾನು ಮೇಲೆ ಹೋಗ್ಬೇಕಾಗಿರೋದು? ಇಗೋ, ಈಗ್ಲೂ ಶುರುವಾಯ್ತು, ಕೇಳಿ."

ಅವಳು ಫೋನನ್ನು ಮೇಲೆತ್ತಿ ಹಿಡಿದಿರಬೇಕು. ಮೆಷೀನುಗಳ ಗರಗರದ ಆಚೆ, ಮರದ ಹಲಗೆಗಳನ್ನು ದಾಟಿ ಬರುವ ಹಾರನ್ ಇವಳಿಗೆ ಕೇಳಿಸಿತು. ಒಂದು. ಎರಡು. ಮೂರು.

ಇವಳ ಎಡಗೈಯಲ್ಲಿ ಕಿತ್ತ ವೈರು ಇನ್ನೂ ನೇತಾಡುತ್ತಿತ್ತು. ಅಪ್ಪ ಈ ಕಡೆ ಬಾವುಟನ 'ಜೊತೆ'ಯೊಂದಿಗೆ ಕೂತಿದ್ದಾನೆ. ವೈರು ಕಿತ್ತ ಮೇಲೆ ಆ ಕಡೆ ಅಪ್ಪನ ಜಾಗ ಖಾಲಿ. ಅಂದರೆ ಅಲ್ಲಿ ಅಪ್ಪನ 'ಜೊತೆ' ಬಂದು ಕೂತು, ಆಟವನ್ನು ಮತ್ತೆ ಮೊದಲಿಂದ ಶುರು ಮಾಡಿದೆ. ಆ ಮನೆಯಲ್ಲಿ ಮನುಷ್ಯರ ಕೈಯೇ ಇಲ್ಲದೆ ಎರಡು ದೋಣಿಗಳು ಒಂದು ಹಡಗನ್ನು ದಡಕ್ಕೆ ಎಳೆಯುತ್ತಿವೆ. ಅದನ್ನು ಕೇಳಿಸಿಕೊಂಡು ಕೆಳಗೊಬ್ಬಳು, ಮೇಲಿನವರು ಚೆನ್ನಾಗಿದ್ದಾರೆ ಎಂದು ಬಟ್ಟೆ ಮಡಚುತ್ತಿದ್ದಾಳೆ. ಇಷ್ಟೆಲ್ಲವನ್ನೂ ಪರೀಕ್ಷೆ ಮಾಡಿ ಪಾಸು ಎಂದು ಸಹಿ ಹಾಕಿದವಳು ಇವಳು.

ಅಕ್ಕ, ಕೀ ತಗೊಂಡು ಈಗಲೇ ಮೇಲೆ ಹೋಗಿ, ಫೋನ್ ಇಡಬೇಡಿ ಎಂದಳು. ಆ ದನಿಯಲ್ಲಿ ಏನಿತ್ತೋ, ಲಾಂಡ್ರಿಯಾಕೆ ಮಂಡಿಯ ಸುದ್ದಿ ಎತ್ತಲಿಲ್ಲ. ಮೆಟ್ಟಿಲು ಹತ್ತುವ ಸದ್ದು, ಏದುಸಿರು, ಕೀಗೊಂಚಲಿನ ಝಣಝಣ. ಹಾರನ್ ಹತ್ತಿರವಾಗುತ್ತ ಬಂತು. ಬಾಗಿಲು ತೆರೆದಾಗ ಅದು ಎಷ್ಟು ಜೋರಾಯಿತೆಂದರೆ ಅಡುಗೆಮನೆಯಿಂದ ಅಮ್ಮ ಹೊರಗೆ ಬಂದಳು. ನಕ್ಷತ್ರ ಉದುರುವ ಸಂಗೀತ ಕೇಳಿಸಿತು. ಅಲ್ಲೂ ಹಡಗು ದಡ ಸೇರಿತ್ತು.

ಇವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅಕ್ಕಾ?"

"ಮಂಚದ ಪಕ್ಕ ಬಿದ್ದಿದಾರೆ ಕಣಮ್ಮ." ದನಿ ಪಿಸುಗುಟ್ಟಿದಂತಿತ್ತು, ಕಿವುಡರ ಮನೆಯಲ್ಲಿ ಪಿಸುಗುಟ್ಟುವುದಕ್ಕೆ ಅರ್ಥವಿಲ್ಲದಿದ್ದರೂ. "ಉಸಿರಿದೆ. ಕಣ್ಣು ಬಿಟ್ಕೊಂಡಿದಾರೆ. ನನ್ನ ಕಡೆ ನೋಡ್ತಾನೇ ಇಲ್ಲ, ಟಿವಿ ನೋಡ್ತಿದಾರೆ."

ಅಂದಿನ ಮಧ್ಯಾಹ್ನದ ರೈಲಿಗೇ ಮೂವರೂ ಹೊರಟರು. ಅಮ್ಮ ಬರುವುದು ಬೇಡವೆಂದರೆ ಕೇಳಲಿಲ್ಲ, ಸವತಿಯನ್ನು ನೋಡಿಕೊಳ್ಳುವುದು ತನ್ನ ಧರ್ಮ ಎಂದಳು. ಆ ಜೋಕಿಗೆ ಯಾರೂ ನಗಲಿಲ್ಲ, ಅವಳೂ ನಗಲಿಲ್ಲ. ದಾರಿಯುದ್ದಕ್ಕೂ ಅಪ್ಪ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿದ್ದ. ಅವನು ಫೋನ್ ಮಾಡದೇ ಉಳಿದ ವಿಷಯವನ್ನು ಮಗಳು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಬೂದು ಚುಕ್ಕೆಯ ವಿಷಯವನ್ನೂ ಹೇಳಬೇಕಾಗುತ್ತಿತ್ತು.

ಆಸ್ಪತ್ರೆಯ ಹಾಸಿಗೆಯಲ್ಲಿ ಬಾವುಟ ಒಣಗಿದ ಹಗ್ಗದ ಹಾಗೆ ಬಿದ್ದಿದ್ದ. ಉಕ್ಕು ಹಾಕಿದ್ದ ಸೊಂಟವೇ ಮತ್ತೆ ಕೈಕೊಟ್ಟಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಇನ್ನು ನಡೆದಾಡುವ ಮಾತಿಲ್ಲ ಎಂದು ನರ್ಸ್ ಹೊರಗೆ ಕರೆದು ಹೇಳಿದಳು. ಮಂಚದ ಮೇಲಿಂದ ಉರುಳಿದ್ದ ನೀರಿನ ಬಾಟಲಿಯೊಂದು ಕೈಗೆ ಸಿಕ್ಕದಿದ್ದರೆ ಆ ಮಾತು ಬೇರೆಯೇ ಇರುತ್ತಿತ್ತಂತೆ. ಅವನ ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಕಿವಿ ಕೇಳದವರ ಎತ್ತರದ ದನಿಯಲ್ಲಿ, ಇಡೀ ವಾರ್ಡಿಗೆ ಕೇಳುವಂತೆ ಅವನು ನಡೆದದ್ದನ್ನು ಹೇಳಿದ. ಬಿದ್ದ ಮೇಲೆ ಕೂಗಿದ್ದನಂತೆ, ಆದರೆ ಕೆಳಗೆ ಮೆಷೀನು. ಇರಲಿ, ಬೆಳಿಗ್ಗೆಯವರೆಗೆ ತಾನೇ ಎಂದು ಸುಮ್ಮನಾದ. ಬೆಳಿಗ್ಗೆ ಪೆಟ್ಟಿಗೆ ತಾನೇ ಎದ್ದಿತು, ದೋಣಿಗಳು ಬಂದವು. ತನ್ನ ಕೈಯಲ್ಲಿ ಕಂಟ್ರೋಲರ್ ಇಲ್ಲ, ತನ್ನ ದೋಣಿ ಕದಲುವುದಿಲ್ಲ, ಅದನ್ನು ಕಂಡು ಅಪ್ಪ ಫೋನ್ ಮಾಡುತ್ತಾನೆ, ಇನ್ನೇನು ಲಾಂಡ್ರಿಯಾಕೆ ಬಂದಳು ಎಂದು ಬಾಗಿಲ ಕಡೆ ನೋಡಿದನಂತೆ.

"ಆಮೇಲೆ ನನ್ನ ದೋಣಿ ಹೊರಟೇಬಿಡ್ತು," ಎಂದ. "ನಂಗಿಂತ ಚೆನ್ನಾಗಿ ನಡೆಸ್ತು. ಮೂರು ಬೆಳಿಗ್ಗೆನೂ ನಡೆಸ್ತು. ಬಿದ್ದಲ್ಲಿಂದಾನೇ ನೋಡ್ತಿದ್ದೆ, ನಾನು ಚೆನ್ನಾಗೇ ಇದ್ದೆ."

ಪಕ್ಕದ ಹಾಸಿಗೆಯವನು ಏನೋ ಕನಸು ಕಂಡಿರಬೇಕು ಎಂಬಂತೆ ಕನಿಕರದಿಂದ ನೋಡಿದ. ಅಮ್ಮ ಸೆರಗಿನ ತುದಿಯಿಂದ ಬಾವುಟನ ಬಾಯಿ ಒರೆಸಿದಳು. ಬಾವುಟ ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಂಚದ ಕಾಲ ಕಡೆ ನಿಂತಿದ್ದ ಅಪ್ಪನನ್ನು ನೋಡಿದ. ಇನ್ನು ಬಾಯಿಂದ ಮಾತಿಲ್ಲ ಎನ್ನುವಂತೆ ತುಟಿ ಮುಚ್ಚಿ, ಬಲಗೈಯ ಎರಡು ಬೆರಳಿನಿಂದ ತನ್ನ ಕಣ್ಣು ಮುಟ್ಟಿ, ಅಪ್ಪನ ಕಡೆಗೆ ತೋರಿಸಿದ. ಬಂದರಿನ ಸನ್ನೆ. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಇವಳೂ ಕಲಿತಿದ್ದಳು. ಸರಕು ಜಾರಿದ್ದು ನಿನಗೆ ಕಂಡಿತ್ತೇ ಎಂದು ಅದರ ಅರ್ಥ.

ಕಂಡಿರಲಿಲ್ಲ ಎನ್ನುವುದಕ್ಕೆ ಕೈಯನ್ನು ಅಡ್ಡ ಆಡಿಸಿದರೆ ಸಾಕು. ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪೆಲ್ಲ ಪೆಟ್ಟಿಗೆಯದಾಗುತ್ತಿತ್ತು, ಬೈಯುವುದಕ್ಕೆ ಇಬ್ಬರಿಗೂ ಒಂದು ಹೊಸ ವಿಷಯ ಸಿಗುತ್ತಿತ್ತು. ಮಗ್ಗುಲಲ್ಲಿ ನಿಂತ ಮಗಳು ಅಪ್ಪನ ಕೈಯನ್ನೇ ನೋಡಿದಳು. ಬಾಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳುವವನು ಅವನು. ಕೈಯಲ್ಲಿ ಸುಳ್ಳು ಹೇಳಿದರೆ ಹಡಗಿನ ಹೊಟ್ಟೆಯಲ್ಲಿ ಜನ ಸಾಯುವ ಜಾಗದಲ್ಲಿ ಅಷ್ಟು ವರ್ಷ ಕಳೆದವನು. ಅಪ್ಪ ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಮೇಲೆತ್ತಿ, ಎದೆಯ ಹತ್ತಿರ ಹಿಡಿದ.

ಕಂಡಿತ್ತು.

ಬಾವುಟ ಅದನ್ನೇ ಸ್ವಲ್ಪ ಹೊತ್ತು ನೋಡಿದ. ಗುದ್ದಲಿಲ್ಲ, ಬೈಯಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನೂ ಚುಚ್ಚದ ಕೈಯನ್ನೂ ಕಷ್ಟಪಟ್ಟು ಎತ್ತಿ, ತಲೆಯ ಮೇಲೆ ಒಂದರ ಮೇಲೊಂದು ಕತ್ತರಿಯ ಹಾಗೆ ಅಡ್ಡ ಇಟ್ಟ. ಪಾಳಿ ಮುಗಿದವನು ಹಡಗಿನ ಅಂಚು ಬಿಟ್ಟು ಹೋಗುವಾಗ ಮಾಡುವ ಸನ್ನೆ. ಇನ್ನು ನನ್ನ ಕೈ ನೋಡಬೇಡ, ಬೇರೆಯವನನ್ನು ನೋಡಿಕೋ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

ಅಮ್ಮನಿಗೆ ಈ ಕೈಭಾಷೆ ಬರುತ್ತಿರಲಿಲ್ಲ. ಏನಂತೆ ಎಂದು ಕೇಳಿದಳು. ಸುಸ್ತಾಗಿದೆಯಂತೆ ಎಂದಳು ಮಗಳು.

ವಾಪಸು ರೈಲಿನಲ್ಲಿ ಅವಳು ಬಾಗಿಲ ಬಳಿ ನಿಂತು ನೆಟ್‌ವರ್ಕಿನವನಿಗೆ ಫೋನ್ ಮಾಡಿದಳು. ಹಳೆಯ ಆಟಗಳಲ್ಲಿ ಆ ಚುಕ್ಕೆ ಹಾಕಲೇಬೇಕು, ನಾಳೆಯೇ ಹಾಕಬೇಕು ಎಂದಳು. ಅವನು ಆಕಳಿಸಿ, ನಿಮ್ಮದೇ ನಿಯಮ ಅಲ್ವಾ ಅಜ್ಜಿ ಎಂದ. ನಿಯಮವನ್ನು ತಾನೇ ಬದಲಾಯಿಸುತ್ತೇನೆ ಎಂದಳು. ಮೇಲಿನವರು ಒಪ್ಪುವುದಿಲ್ಲ ಎಂದ ಅವನು. ಗೋಡೆಯ ಆ ಸಾಲನ್ನು ಈಗ ಜಾಹೀರಾತಿನಲ್ಲೂ ಹಾಕಿದ್ದಾರಂತೆ, ಜನಕ್ಕೆ ಬಹಳ ಹಿಡಿಸಿದೆಯಂತೆ.

"ಅದೂ ಅಲ್ದೆ ದೂರೇ ಬಂದಿಲ್ವಲ್ಲ ಅಜ್ಜಿ," ಎಂದ. "ನಿಮ್ಮ ಹಳೇ ಆಟಗಳ ಹಾಜರಿ ನೋಡಿದೀರಾ? ತುಂಬಿ ತುಳುಕ್ತಿದೆ. ಎಲ್ಲಾ ವಯಸ್ಸಾದವರೇ, ಒಬ್ಬರೂ ಒಂದು ದಿನ ತಪ್ಪಿಸ್ತಿಲ್ಲ."

ಅವಳು ಫೋನ್ ಇಟ್ಟಳು. ಹೊರಗೆ ಒಂದರ ಹಿಂದೊಂದು ಊರುಗಳ ದೀಪ ಬಂದು ಹೋದವು. ಒಂದೊಂದು ಕಿಟಕಿಯ ಹಿಂದೆಯೂ ಒಂದೊಂದು ಟಿವಿಯ ನೀಲಿ ಬೆಳಕು ಆಡುತ್ತಿದ್ದ ಹಾಗೆ ಕಂಡಿತು. ಮೊದಲೆಲ್ಲ ಅಂಥ ಬೆಳಕು ಕಂಡರೆ ಅಲ್ಲಿ ಯಾರೋ ಎಚ್ಚರವಿದ್ದಾರೆ ಎಂದುಕೊಳ್ಳುತ್ತಿದ್ದಳು.

ಬೆಳಿಗ್ಗೆ ಸ್ಟೇಷನ್ನಿನಿಂದ ನೇರವಾಗಿ ಮನೆಗೆ ಬಂದರು. ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗಲೇ ಕೇಳಿಸಿತು. ಬೀಗ ಹಾಕಿದ ಮನೆಯೊಳಗಿನಿಂದ ಮೂರು ಸಲ ಹಾರನ್. ಹೊರಡುವ ಗಡಿಬಿಡಿಯಲ್ಲಿ ಅಪ್ಪ ವೈರನ್ನು ಮತ್ತೆ ಸಿಕ್ಕಿಸಿದ್ದನ್ನು ಯಾರೂ ಗಮನಿಸಿರಲಿಲ್ಲ. ತಿಂಡಿಯ ಹೊತ್ತಾಗಿತ್ತು, ಪೆಟ್ಟಿಗೆ ರೂಢಿಯಂತೆ ಎದ್ದಿತ್ತು.

ಬಾಗಿಲು ತೆಗೆದು ಮೂವರೂ ಚಪ್ಪಲಿ, ಶೂ ಬಿಚ್ಚುವುದನ್ನು ಮರೆತು ನಿಂತರು. ಕಂಟ್ರೋಲರ್ ಸೋಫಾದ ಮೇಲೆ, ಅಪ್ಪ ಇಟ್ಟಲ್ಲೇ ಇತ್ತು. ಪರದೆಯ ಮೇಲೆ ಅಪ್ಪನ ದೋಣಿ ಮುಂದೆ, ಬಾವುಟನ ದೋಣಿ ಹಿಂದೆ. ಹಗ್ಗ ಎಲ್ಲೂ ಸಡಿಲವಾಗಲಿಲ್ಲ, ಬಿಗಿಯೂ ಆಗಲಿಲ್ಲ. ಬಂಡೆಯ ಹತ್ತಿರ ಅಪ್ಪನ ದೋಣಿ ಸ್ವಲ್ಪ ಬಾಗಿ, ಹಿಂದಿನವನಿಗೆ ಅನುಕೂಲ ಮಾಡಿಕೊಟ್ಟಿತು. ಹಿಂದಿನದು ಚಿಕ್ಕದಾಗಿ ಹಾರನ್ ಹೊಡೆದು ಉಪಕಾರ ನೆನೆಯಿತು. ದೀಪಸ್ತಂಭ ಅಲ್ಲಾಡದೆ ನಿಂತಿತ್ತು.

"ನೋಡಿ, ಕಲಿತ್ಕೊಳ್ಳಿ," ಎಂದಳು ಅಮ್ಮ ಅಭ್ಯಾಸಬಲದಿಂದ. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಮಗಳು ಹೋಗಿ ಪ್ಲಗ್ಗನ್ನೇ ಕಿತ್ತಳು. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಮೂವರ ನೆರಳೂ ಕಂಡವು. ಅಪ್ಪ ಸೋಫಾದ ಅಂಚಿನಲ್ಲಿ ಕೂತು, ಕಂಟ್ರೋಲರನ್ನು ಒಂದು ಕಡೆ ಸರಿಸಿ, ಶೂ ಬಿಚ್ಚಲು ಬಗ್ಗಿದ. ಬಗ್ಗಿದವನು ಹಾಗೇ ಉಳಿದ.

"ಅಲ್ಲಿ, ಅವನ ಮನೇಲಿ," ಎಂದ. "ನೀನೀಗ ಇದನ್ನ ಕಿತ್ತೆಯಲ್ಲ. ಅಲ್ಲಿ ನನ್ನ ದೋಣಿ ನಿಲ್ಲುತ್ತಾ?"

ಲಾಂಡ್ರಿಯ ಮೇಲಿನ ಕೋಣೆ ಅವಳ ಕಣ್ಣಿಗೆ ಬಂತು. ಮಂಚದ ಪಕ್ಕ ಖಾಲಿ ನೆಲ, ಉರುಳಿದ ಬಾಟಲಿ, ಎದುರಿಗೆ ಬೆಳಗುವ ಪರದೆ. ಗದ್ದಲ ಹಾಕದ ಎರಡು ದೋಣಿಗಳು.

"ನಿಲ್ಲಲ್ಲಪ್ಪ," ಎಂದಳು.

ಅಪ್ಪ ತಲೆಯಾಡಿಸಿದ. ಲೇಸಿನ ಗಂಟು ಬಿಗಿದುಕೊಂಡಿತ್ತು. ಉಗುರಿನಿಂದ ಕೆರೆದು ಕೆರೆದು ಅದನ್ನು ಸಡಿಲಿಸುತ್ತ, ಯಾರಿಗೂ ಹೇಳುತ್ತಿಲ್ಲವೆಂಬಂತೆ, ಚೆನ್ನಾಗೇ ನಡೆಸ್ತಿರುತ್ತೆ ಎಂದ.